ಅಲಸಂದಿ ಎಲೆ ಮೇಲೆ ಮಿಂಚೋ ಹಸಿರು ನೊಣ ಯಾವ್ದು?

ಪ್ರಶ್ನೆ: ಸೂಳೆಕೆರೆ ಹತ್ರ ನಮ್ಮ ಅಡಿಕೆ ತೋಟ ಐತ್ರಿ, ಸಾಲಿನ ನಡುವೆ ಅಲಸಂದಿ ಹಾಕೀವಿ. ಅದರ ಎಲೆ ಮೇಲೆ ದಿನಾ ಬೆಳಿಗ್ಗೆ ಸಣ್ಣ ನೊಣ ಕೂತಿರ್ತವೆ, ಬಂಗಾರ ಬೆರೆಸಿದಂಗೆ ಹಸಿರು ಬಣ್ಣ, ಕಾಲು ಉದ್ದುದ್ದ, ರೆಕ್ಕೆ ಮೇಲೆ ಕಂದು ಪಟ್ಟಿ. ಫೋಟೋ ಕಳಿಸೀನಿ. ಹೆಸರೇನು, ಔಷಧಿ ಹೊಡೀಬೇಕಾ?
– ಓದುಗರು, ಚನ್ನಗಿರಿ ತಾಲೂಕು

ಉತ್ತರ: ಔಷಧಿ ಮಾತ್ರ ಹೊಡೀಬ್ಯಾಡ್ರಿ. ಇದು ಅಲಸಂದಿ ತಿನ್ನೋಕೆ ಬಂದಿರೋದಲ್ಲ, ಅಲಸಂದಿ ಮೇಲಿರೋ ಹೇನು, ಥ್ರಿಪ್ಸು, ನುಸಿ ಹಿಡಿದು ತಿನ್ನೋಕೆ ಬಂದಿರೋದು, ನೀವು ಹೊಡೆದ್ರೆ ಮೊದಲು ಸಾಯೋದು ಇದೇ. ಇದರ ಕುಟುಂಬಕ್ಕೆ ಡೋಲಿಕೊಪೊಡಿಡೇ ಅಂತಾರೆ, ಗ್ರೀಕಿನಾಗೆ ಉದ್ದ ಕಾಲು ಅಂತಾನೇ ಅರ್ಥ. ಇವುಗಳ ಮರಿಹುಳ ಹೆಚ್ಚಿನವು ಒದ್ದೆ ಮಣ್ಣು, ಕೊಳೆತ ಎಲೆ ಒಳಗೆ ಇದ್ಕಂಡು ಅಲ್ಲಿನ ಸಣ್ಣ ಹುಳ ತಿಂತವೆ, ಹಂಗಾಗಿ ಅಡಿಕೆ ತೋಟದ ತಂಪು ಇವಕ್ಕೆ ಹೇಳಿ ಮಾಡಿಸಿದಂಗೆ. ಹೇಸಿಗೆ ಮೇಲೆ ಕೂರೋ ದಪ್ಪ ಹಸಿರು ನೊಣ ಬೇರೆ, ಎರಡೂ ಮಿಂಚ್ತವೆ ಅಂತ ಒಂದೇ ಅನ್ಕೋಬ್ಯಾಡ್ರಿ.

ಇನ್ನು ಹೆಸರು. ಈ ಕುಟುಂಬದಾಗೆ ಇಲ್ಲಿವರೆಗೆ ಹೆಸರಿಟ್ಟಿರೋ ಜಾತಿನೇ 7,000 ದಾಟ್ತವೆ, ಬಣ್ಣ ನೋಡಿ ಹೇಳೋಕಾಗಲ್ಲ, ಯಾಕಂದ್ರೆ ಅರ್ಧಕ್ಕರ್ಧ ಇದೇ ಹಸಿರು. ನೋಡ್ಬೇಕಾದ್ದು ರೆಕ್ಕೆಯ ನರ. ನಿಮ್ಮ ಫೋಟೋದಾಗೆ ಅದು ಎಷ್ಟು ಚೆನ್ನಾಗಿ ಬಂದೈತೆ ಅಂದ್ರೆ ನಂಗೆ ಖುಷಿ ಆಯ್ತು, ನಡುವಿನ ನರ ತುದಿ ಹತ್ರ ಕವಲಾಗಿ, ಮೇಲಿನ ಕವಲು ಗಕ್ಕನೆ ಮುಂದಕ್ಕೆ ಬಾಗೈತೆ ನೋಡ್ರಿ, ಸಯಾಪೊಡಿನೇ ಅನ್ನೋ ಉಪಕುಟುಂಬದ ಗುರುತು ಅದು. ಕ್ರೈಸೊಸೋಮ, ಕಾಂಡೈಲೊಸ್ಟೈಲಸ್, ಆಂಬ್ಲಿಪ್ಸಿಲೋಪಸ್ ಅನ್ನೋ ಕುಲಗಳು, ಅಂದ್ರೆ ಹತ್ತಿರದ ಜಾತಿಗಳ ಗುಂಪುಗಳು, ಎಲ್ಲಾ ಇದರೊಳಗೇ ಬರ್ತವೆ. ಇವುಗಳಲ್ಲಿ ಯಾವ್ದು ಅಂತ ಹೇಳೋಕೆ ಮೀಸೆಯ ಕೂದಲು ತುದಿಯಿಂದ ಹೊರಟೈತಾ ಮೇಲ್ಭಾಗದಿಂದ ಹೊರಟೈತಾ ಅಂತ ಕಾಣಬೇಕು, ಫೋಟೋದಾಗೆ ಅದು ಮಸುಕಾಗೈತೆ.

ಮೀಸೆ ಕಂಡಿದ್ರೂ ಜಾತಿ ಹೆಸರು ಸಿಗ್ತಿರಲಿಲ್ಲ, ಯಾಕಂದ್ರೆ ನಿಮ್ಮದು ಹೆಣ್ಣು. ಗಂಡಿಗೆ ಹೊಟ್ಟೆಯ ತುದಿ ಗಂಟಿನಂಗಿದ್ದು ಕೆಳಗಿಂದ ಮುಂದಕ್ಕೆ ಮಡಿಚಿರುತ್ತೆ, ನಿಮ್ಮ ಫೋಟೋದ ನೊಣಕ್ಕೆ ಅದು ಚೂಪಾಗೈತೆ. ಜಾತಿ ಬೇರೆ ಮಾಡೋದು ಬಹುಪಾಲು ಆ ಗಂಟಿನ ಆಕಾರ ನೋಡಿ, ಅದೂ ಮೈಕ್ರೋಸ್ಕೋಪ್ ಕೆಳಗೆ. ಜೊತೆಗೆ ಗಂಡಿನ ಕಾಲಿನ ಅಲಂಕಾರ, ಕೆಲವು ಜಾತಿಯಾಗೆ ಕಾಲಿನ ತುದಿ ಚಪ್ಪಟೆಯಾಗಿ ಸಣ್ಣ ಬಾವುಟದಂಗೆ ಇರುತ್ತೆ, ಹೆಣ್ಣಿನ ಮುಂದೆ ಅದನ್ನ ಆಡಿಸ್ತದೆ. ಹೆಣ್ಣಿಗೆ ಇಂಥ ಗುರುತು ಇಲ್ಲ, ಅದಕ್ಕೇ ಎಷ್ಟೋ ಜಾತಿಗಳ ಹೆಣ್ಣನ್ನ ಬೇರೆ ಮಾಡೋದೇ ಕಷ್ಟ.

ಹಂಗಾಗಿ ಗಂಡು ಬೇಕು. ಹಳದಿ ಬಟ್ಟಲಿಗೆ ನೀರು ಹಾಕಿ ಎರಡು ಹನಿ ಸೋಪು ಬಿಟ್ಟು ಅಲಸಂದಿ ಸಾಲಿನಾಗೆ ಒಂದು ಹಗಲು ಇಡ್ರಿ, ಬೀಳ್ತವೆ. ಮೂರ್ನಾಲ್ಕು ಸಾಕು, ಜಾಸ್ತಿ ಬ್ಯಾಡ. 70 ಪರ್ಸೆಂಟ್ ಆಲ್ಕೋಹಾಲ್ ಇರೋ ಸಣ್ಣ ಶೀಶೆಗೆ ಹಾಕಿ, ಊರು, ತಾರೀಕು, ಯಾವ ಗಿಡದ ಹತ್ರ ಅಂತ ಪೆನ್ಸಿಲ್‌ನಲ್ಲೇ ಬರೆದ ಚೀಟಿ ಶೀಶೆ ಒಳಗೇ ಹಾಕ್ರಿ, ಪೆನ್ನಿನ ಇಂಕು ಆಲ್ಕೋಹಾಲ್‌ನಲ್ಲಿ ಕರಗಿ ಹೋಗುತ್ತೆ. ಆಮೇಲೆ ನಂಗೆ ಇನ್ನೊಂದು ಕಾಗದ ಬರೀರಿ, ಕೀಟಶಾಸ್ತ್ರದವರಿಗೆ ತೋರಿಸೋಣ.