ನಿರ್ದೇಶಕರಿಗೆ ರಾಜಕೀಯ ನಂಟಿದ್ದರೆ ಕಂಪನಿಯ ಆಡಳಿತ, ಸಂಬಳದ ಮೇಲೆ ಏನು ಪರಿಣಾಮ?

ನಂಟಿದೆ ಅಂದ ಮಾತ್ರಕ್ಕೆ ಕಂಪನಿ ಕೆಟ್ಟದ್ದು ಅಂತಲ್ಲ. ಮಾಜಿ ಮಂತ್ರಿಯೋ ನಿವೃತ್ತ ಅಧಿಕಾರಿಯೋ ನಿರ್ದೇಶಕರ ಮಂಡಳಿಗೆ ಬಂದರೆ ಪರವಾನಗಿ, ಟೆಂಡರ್, ಸಾಲ ಸಲೀಸಾಗಬಹುದು. ಮಾರುಕಟ್ಟೆ ಇದಕ್ಕೆ ಬೆಲೆಯನ್ನೂ ಕಟ್ಟುತ್ತದೆ. 1990ರ ದಶಕದಲ್ಲಿ ಇಂಡೋನೇಷ್ಯಾದ ಅಧ್ಯಕ್ಷ ಸುಹಾರ್ತೋ ಆರೋಗ್ಯ ಕೆಟ್ಟಿದೆ ಅಂತ ಸುದ್ದಿ ಹಬ್ಬಿದಾಗ, ಅವರಿಗೆ ಹತ್ತಿರವಿದ್ದ ಕಂಪನಿಗಳ ಷೇರು ಉಳಿದವಕ್ಕಿಂತ ಜಾಸ್ತಿ ಬಿದ್ದವು. ಅರ್ಥಶಾಸ್ತ್ರಜ್ಞ ರೇಮಂಡ್ ಫಿಸ್ಮನ್ 2001ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು.

ತೊಂದರೆ ಶುರುವಾಗುವುದು ಮಂಡಳಿಯ ಒಳಗೆ. ನಿರ್ದೇಶಕರ ಕೆಲಸ ಸಿಇಒ, ಅಂದರೆ ಕಂಪನಿ ನಡೆಸುವ ಮುಖ್ಯಸ್ಥರ ಮೇಲೆ ಕಣ್ಣಿಡುವುದು. ಆದರೆ ಅವರನ್ನು ಕರೆತಂದದ್ದೇ ಸಿಇಒ ಆಗಿದ್ದರೆ? ಸಿಇಒಗೆ ಎಷ್ಟು ಕೊಡಬೇಕು ಅಂತ ತೀರ್ಮಾನಿಸುವ ಸಂಬಳ ಸಮಿತಿಯಲ್ಲಿ ಕೂತು "ಲಾಭ ಇಳಿದಿದೆ, ಬೋನಸ್ ಯಾಕೆ ಏರಿದೆ?" ಅಂತ ಕೇಳೋಕೆ ಬಾಯೇ ಬರುವುದಿಲ್ಲ. ಸಿಇಒಗೇ ನಂಟಿದ್ದರೆ ಇನ್ನೂ ಕಷ್ಟ. ಅವರನ್ನು ತೆಗೆದರೆ ನಂಟೂ ಜೊತೆಗೇ ಹೋಗುತ್ತದೆ, ಅಲ್ವಾ? ಆಗ ಸಂಬಳ ಕೆಲಸಕ್ಕಿಂತ ಪರಿಚಯಕ್ಕೆ ಸಿಗತೊಡಗುತ್ತದೆ.

ಚೀನಾ 2013ರಲ್ಲಿ ಅಧಿಕಾರಿಗಳು ಕಂಪನಿಗಳಲ್ಲಿ ನಿರ್ದೇಶಕರಂಥ ಹುದ್ದೆ ಹಿಡಿಯುವುದಕ್ಕೆ ಕಡಿವಾಣ ಹಾಕಿತು. ಆಗ ಸ್ವತಂತ್ರ ನಿರ್ದೇಶಕರು, ಅಂದರೆ ಯಾರ ಹಂಗೂ ಇಲ್ಲದೆ ಕಂಪನಿಯ ಮೇಲೆ ಕಣ್ಣಿಡಬೇಕಾದ ಹೊರಗಿನವರು, ಸಾಲುಸಾಲಾಗಿ ರಾಜೀನಾಮೆ ಕೊಟ್ಟರು. "ಸ್ವತಂತ್ರ" ಅನ್ನೋ ಪದ ಎಷ್ಟು ಸಡಿಲ ನೋಡಿ!

ನೀವು ಷೇರುದಾರರಾಗಿದ್ದರೆ ವಾರ್ಷಿಕ ವರದಿಯಲ್ಲಿ ಸಂಬಳ ಸಮಿತಿಯಲ್ಲಿ ಯಾರ್ಯಾರಿದ್ದಾರೆ ಅಂತ ಮೊದಲು ನೋಡಿ.