6 ಅಡಿ 3 ಇಂಚು ಎತ್ತರದವನು ಹಳೆಯ ಆರ್‌ಎಕ್ಸ್ 100 ಅನ್ನು ತನಗೆ ಹೊಂದಿಸಿಕೊಳ್ಳುವುದು ಹೇಗೆ?

ನೀವು ಹಾಸನದವರು, ಎತ್ತರ 6 ಅಡಿ 3 ಇಂಚು. ಮಾವ ಕೊಟ್ಟ 1994ರ ಯಮಹಾ ಆರ್‌ಎಕ್ಸ್ 100 ಇದೆ, ದಿನಾ ಬೇಲೂರಿಗೆ ಹೋಗಿಬರಬೇಕು, ಅರ್ಧ ದಾರಿಗೇ ಮೊಣಕಾಲು ಹಿಡಿದುಕೊಳ್ಳುತ್ತದೆ. ಹ್ಯಾಂಡಲ್ ಬದಲಾಯಿಸಲಾ, ಹಿಂದಿನ ಶಾಕ್ಸ್ ಎತ್ತರಿಸಲಾ, ಇಲ್ಲ ಗಾಡಿಯನ್ನೇ ಮಾರಿಬಿಡಲಾ ಅಂತ ಕೇಳಿದ್ದೀರಿ.

ಮಾರಬೇಡಿ. ನಾನು ಚಿಕ್ಕಮಗಳೂರಿನವನು, 6 ಅಡಿ 4 ಇಂಚು ಇದ್ದೇನೆ. ಇದೇ ಗಾಡಿಯನ್ನು 11 ವರ್ಷದಿಂದ ಓಡಿಸುತ್ತಿದ್ದೇನೆ, ಈಗ ಕಾಲು ನೋವಿಲ್ಲ.

ಎಲ್ಲರೂ ಮೊದಲು ಕೈ ಹಾಕುವುದು ಹ್ಯಾಂಡಲ್‌ಗೆ. ನಾನೂ ಹಾಗೇ ಮಾಡಿದ್ದೆ. ಆದರೆ ನೋವು ಇರುವುದು ಕಾಲಲ್ಲಿ. ಸೀಟಿಗೂ ಫುಟ್‌ರೆಸ್ಟಿಗೂ ನಡುವಿನ ಅಂತರ ನಮ್ಮ ಕಾಲಿಗೆ ಸಾಲುವುದಿಲ್ಲ, ವಿಷಯ ಅಷ್ಟೇ. ಸಾಮಾನ್ಯ ಎತ್ತರದವರ ಕಾಲು ನೆಲಕ್ಕೆ ಎಟುಕಲಿ ಅಂತ ಸೀಟನ್ನು ತಗ್ಗಿನಲ್ಲೇ ಇಟ್ಟಿರುತ್ತಾರೆ. ನಮಗೆ ನೆಲದ ಚಿಂತೆಯೇ ಇಲ್ಲ. ಎರಡೂ ಪಾದ ಪೂರ್ತಿ ಊರಿ ನಿಂತರೂ ಮೊಣಕಾಲು ಮಡಚಿಕೊಂಡೇ ಇರುತ್ತದೆ, ಅಲ್ವಾ? ಅಲ್ಲಿ ಉಳಿದಿರುವ ಎತ್ತರವನ್ನೇ ಬಳಸಿಕೊಳ್ಳಬೇಕು. ಹಾಗಾಗಿ ಮೊದಲು ಸೀಟು, ಆಮೇಲೆ ಫುಟ್‌ರೆಸ್ಟ್, ಹ್ಯಾಂಡಲ್ ಕೊನೆಗೆ.

ದುಡ್ಡು ಖರ್ಚು ಮಾಡುವ ಮುಂಚೆ ಒಂದು ಕೆಲಸ ಮಾಡಿ. ಮನೆಯಲ್ಲಿರುವ ದಪ್ಪ ಕಂಬಳಿಯನ್ನು ಮಡಚಿ ಸೀಟಿನ ಮೇಲೆ ಹಾಕಿ, ಹಳೆಯ ಸೈಕಲ್ ಟ್ಯೂಬಿನಿಂದ ಬಿಗಿಯಾಗಿ ಕಟ್ಟಿ. ಟ್ಯೂಬಿನ ತುದಿ ಚೈನಿನ ಕಡೆ ನೇತಾಡಬಾರದು. ನೀವು ಕೂತ ಮೇಲೆ ಎಷ್ಟು ಎತ್ತರ ಉಳಿಯಿತು ಅಂತ ಇನ್ನೊಬ್ಬರ ಕೈಲಿ ಟೇಪ್ ಹಿಡಿಸಿ ನೋಡಿ, ಕಂಬಳಿ ಅಮುಕಿಕೊಳ್ಳುತ್ತದೆ. ನಾನು ಹೀಗೆ ಕಟ್ಟಿಕೊಂಡು ಮೂರು ದಿನ ಆಲ್ದೂರಿಗೆ ಹೋಗಿಬಂದೆ, ದಿನಕ್ಕೊಂದು ದಪ್ಪ. 1 ಇಂಚಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ. 2 ಇಂಚಿಗೆ ಮೊಣಕಾಲು ಹಗುರಾಯಿತು. 3 ಇಂಚಿಗೆ ಹ್ಯಾಂಡಲ್ ಹಿಡಿಯಲು ಬಗ್ಗಬೇಕಾಯಿತು, ಸೊಂಟ ಹಿಡಿಯಿತು. ನಿಮ್ಮ ಲೆಕ್ಕ ಬೇರೆ ಇರಬಹುದು, ಅದಕ್ಕೇ ಓಡಿಸಿ ನೋಡಿ ಅಂದಿದ್ದು.

ಅಳತೆ ಗೊತ್ತಾದ ಮೇಲೆ ಸೀಟ್ ಹೊಲಿಯುವವರ ಹತ್ತಿರ ಹೋಗಿ. ನನ್ನ ಸೀಟಿನ ರೆಕ್ಸಿನ್ ಬಿಚ್ಚಿದಾಗ ಒಳಗಿನ ಫೋಮ್ ಕಾಫಿ ಪುಡಿ ಹಾಗೆ ಉದುರಿತು. ಕೆಳಗಿನ ತಗಡಿನ ಅಂಚು ತುಕ್ಕು ಹಿಡಿದು ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಅದನ್ನು ಬೆಸುಗೆ ಹಾಕಿಸಿ, ಬಣ್ಣ ಬಳಿಸಿ, ಆಮೇಲೆ ಫೋಮ್ ಹಾಕಿಸಿದೆ. ಮೂವತ್ತು ವರ್ಷ ಕೂತು ಕೂತು ತಗ್ಗಾದ ಸೀಟು ಅದು. ಹೊಸ ಫೋಮ್ ಹಾಕಿದರೇ ಒಂದಷ್ಟು ಎತ್ತರ ವಾಪಸ್ ಬರುತ್ತದೆ.

ಮೆತ್ತನೆಯ ಫೋಮ್ ಒಂದನ್ನೇ ಹಾಕಿಸಬೇಡಿ, ಆರು ತಿಂಗಳಿಗೆ ಕುಸಿಯುತ್ತದೆ. ಕೆಳಗೆ ಗಟ್ಟಿಯಾದ ರೀಬಾಂಡ್ ಫೋಮ್, ಅದೇ ಬಣ್ಣಬಣ್ಣದ ಚೂರು ಸೇರಿಸಿ ಒತ್ತಿರುತ್ತಾರಲ್ಲ, ಅದು ಬೇಕು. ಮೇಲೆ ತೆಳುವಾಗಿ ಮೆತ್ತನೆಯದು. ಸೀಟು ಟ್ಯಾಂಕಿನ ಕಡೆಗೆ ಇಳಿಜಾರಾಗಬಾರದು, ಬ್ರೇಕ್ ಹಿಡಿದಾಗಲೆಲ್ಲ ಮುಂದಕ್ಕೆ ಜಾರುತ್ತೀರಿ. ನಮ್ಮ ಕಡೆಯ ಮಳೆಗೆ ಇನ್ನೊಂದು ಮಾತು: ಕೂರುವ ಜಾಗದಲ್ಲಿ ಹೊಲಿಗೆ ಬೇಡ ಅನ್ನಿ, ರೆಕ್ಸಿನ್ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಕಿಸಿ. ಇಲ್ಲದಿದ್ದರೆ ಸೂಜಿ ತೂತಿನಿಂದ ನೀರು ಇಳಿದು, ಜೂನ್‌ನಿಂದ ಸೆಪ್ಟೆಂಬರ್ ತನಕ ಒದ್ದೆ ಸ್ಪಂಜಿನ ಮೇಲೆ ಕೂತ ಹಾಗಿರುತ್ತದೆ.

ಹಿಂದೆ ಕೂರುವವರನ್ನೂ ನೆನಪಿಟ್ಟುಕೊಳ್ಳಿ. ನಮ್ಮಮ್ಮ ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂರುತ್ತಾರೆ. ಪೂರ್ತಿ ಸೀಟನ್ನು 2 ಇಂಚು ಎತ್ತರಿಸಿದ್ದರೆ ಅವರಿಗೆ ಹತ್ತಲು ಆಗುತ್ತಿರಲಿಲ್ಲ. ಮುಂದೆ 2 ಇಂಚು, ಹಿಂದೆ 1 ಇಂಚು ಮಾಡಿಸಿದೆ.

ಈಗ ಫುಟ್‌ರೆಸ್ಟ್. ಅದು ಇಂಜಿನ್ ಕೆಳಗೆ ಬೋಲ್ಟ್ ಹಾಕಿ ಕೂರಿಸಿರುವ ಒಂದು ಕಂಬಿ. ಮಧ್ಯೆ ಲೋಹದ ಸ್ಪೇಸರ್ ಕೊಟ್ಟು, ಉದ್ದದ ಬೋಲ್ಟ್ ಹಾಕಿ ಮುಕ್ಕಾಲು ಇಂಚು ಇಳಿಸಬಹುದು. ಸಿಕ್ಕಿದ ಬೋಲ್ಟ್ ಹಾಕಬೇಡಿ, ತಲೆಯ ಮೇಲೆ 8.8 ಅಂತ ಬರೆದಿರುವ ಗಟ್ಟಿ ಬೋಲ್ಟ್ ಕೇಳಿ. ನಿಮ್ಮ ಅಷ್ಟೂ ತೂಕ ಅದರ ಮೇಲೆ ನಿಲ್ಲುತ್ತದೆ. ಇನ್ನೂ ಇಳಿಸುವ ಆಸೆ ಬೇಡ. ಚಾರ್ಮಾಡಿಯ ತಿರುವಲ್ಲಿ ಗಾಡಿ ವಾಲಿಸಿದಾಗ ಮೊದಲು ನೆಲಕ್ಕೆ ತಾಗುವುದು ಅದೇ ಕಂಬಿ. ಇಳಿಸಿದ ಮೇಲೆ ಗೇರ್ ಲಿವರನ್ನು ಹಲ್ಲಿನಿಂದ ಬಿಡಿಸಿ ಒಂದು ಹಲ್ಲು ಕೆಳಗೆ ಕೂರಿಸಿ, ಬ್ರೇಕ್ ಪೆಡಲನ್ನೂ ಅಷ್ಟೇ ಇಳಿಸಿ. ಪೆಡಲ್ ಇಳಿಸಿದಾಗ ಹಿಂದಿನ ಬ್ರೇಕ್ ಲೈಟ್ ಸುಮ್ನೆ ಉರಿಯುತ್ತಾ ಇದೆಯಾ, ಹತ್ತದೇ ಹೋಯಿತಾ ಅಂತ ನೋಡಿ, ಅದರ ಸ್ವಿಚ್ಚನ್ನೂ ಹೊಂದಿಸಬೇಕು.

ನನ್ನ ಗಾಡಿಯಲ್ಲಿ ಸೀಟಿನಿಂದ ಫುಟ್‌ರೆಸ್ಟಿಗೆ 18 ಇಂಚು ಇದ್ದದ್ದು ಈಗ ಹತ್ತಿರಹತ್ತಿರ 21 ಇದೆ. ಕೇಳಲು ಸಣ್ಣ ಲೆಕ್ಕ, ಆದರೆ ಮೊಣಕಾಲಿಗೆ ಅದು ದೊಡ್ಡದು. ಮೊದಲೆಲ್ಲ ಯೂಟರ್ನ್ ಹೊಡೆಯುವಾಗ ಹ್ಯಾಂಡಲ್ ತುದಿ ಮೊಣಕಾಲಿಗೆ ಬಡಿಯುತ್ತಿತ್ತು, ಅದೂ ನಿಂತಿತು.

ಇಷ್ಟಾದ ಮೇಲೂ ಬಗ್ಗಬೇಕಾದರೆ ಮಾತ್ರ ಹ್ಯಾಂಡಲ್. ಸ್ವಲ್ಪ ಎತ್ತರದ್ದು ಹಾಕಿ, ಇಲ್ಲ ಹ್ಯಾಂಡಲ್ ಕೆಳಗೆ ಕೊಟ್ಟು ಅದನ್ನು ಎತ್ತರಿಸುವ ರೈಸರ್ ಹಾಕಿ, ಒಂದೂವರೆ ಇಂಚು ಸಾಕು. ಇಲ್ಲಿ ದಯವಿಟ್ಟು ಗಮನ ಕೊಡಿ. ನಾನು ಹಳೆಯ ಕೇಬಲ್‌ಗಳನ್ನೇ ಉಳಿಸಿಕೊಂಡು ಎತ್ತರದ ಹ್ಯಾಂಡಲ್ ಹಾಕಿದ್ದೆ. ಕೈಮರದಿಂದ ಮುಳ್ಳಯ್ಯನಗಿರಿ ಕಡೆ ಹತ್ತುವಾಗ, ಒಂದು ಕಡಿದಾದ ಎಡ ತಿರುವಲ್ಲಿ ಹ್ಯಾಂಡಲ್ ಪೂರ್ತಿ ತಿರುಗಿಸಿದೆ. ಆಕ್ಸಿಲರೇಟರ್ ಕೊಡದೇ ಇಂಜಿನ್ ಕಿರುಚಿತು, ಗಾಡಿ ಮುಂದಕ್ಕೆ ನುಗ್ಗಿತು. ಕ್ಲಚ್ ಹಿಡಿದಿದ್ದರಿಂದ ಉಳಿದೆ. ಕೇಬಲ್ ಗಿಡ್ಡವಾಗಿ, ತಿರುಗಿಸಿದಾಗ ಅದಾಗಿಯೇ ಎಳೆದುಕೊಂಡಿತ್ತು.

ಅದಕ್ಕಿಂತ ಮುಖ್ಯವಾದದ್ದು ಆಮೇಲೆ ಗೊತ್ತಾಯಿತು. ಈ ಗಾಡಿಯ ಆಕ್ಸಿಲರೇಟರ್ ಕೇಬಲ್ ದಾರಿಯಲ್ಲಿ ಎರಡಾಗುತ್ತದೆ. ಒಂದು ಕಾರ್ಬೊರೇಟರಿಗೆ, ಇನ್ನೊಂದು ಆಯಿಲ್ ಪಂಪಿಗೆ. ಟು ಸ್ಟ್ರೋಕ್ ಇಂಜಿನ್‌ಗೆ 2ಟಿ ಆಯಿಲ್ ಹೋಗುವುದು ಆ ಪಂಪಿನಿಂದ. ಕೇಬಲ್ ಬದಲಾಯಿಸಿ ಪಂಪ್ ಹೊಂದಿಸದೇ ಬಿಟ್ಟರೆ ಆಯಿಲ್ ಕಡಿಮೆಯಾಗಿ ಪಿಸ್ಟನ್ ಕಚ್ಚಿಕೊಳ್ಳಬಹುದು. ಪಂಪಿನ ಗಾಲಿಯ ಮೇಲೆ ಒಂದು ಗುರುತು ಇದೆ, ಅದನ್ನು ಸರಿಯಾಗಿ ಕೂರಿಸಿ ಕೊಡಿ ಅಂತ ಮೆಕಾನಿಕ್‌ಗೆ ಬಾಯಿಬಿಟ್ಟು ಹೇಳಿ. ಕ್ಲಚ್ ಮತ್ತು ಮುಂದಿನ ಬ್ರೇಕ್ ಕೇಬಲ್ ಕೂಡ ಉದ್ದ ಬೇಕು. ಎಲ್ಲ ಮುಗಿದ ಮೇಲೆ ಸ್ಟ್ಯಾಂಡ್ ಹಾಕಿ ಇಂಜಿನ್ ಚಾಲೂ ಮಾಡಿ, ಹ್ಯಾಂಡಲನ್ನು ಆ ಕೊನೆಯಿಂದ ಈ ಕೊನೆಗೆ ತಿರುಗಿಸಿ. ಸದ್ದು ಒಂಚೂರೂ ಏರಬಾರದು.

ಉದ್ದದ ಶಾಕ್ಸ್ ಬೇಡ. ಅದರಿಂದ ಸೀಟಿಗೂ ಫುಟ್‌ರೆಸ್ಟಿಗೂ ಅಂತರ ಒಂದಿಷ್ಟೂ ಹೆಚ್ಚುವುದಿಲ್ಲ, ಎರಡೂ ಒಟ್ಟಿಗೇ ಏರುತ್ತವೆ. ಜೊತೆಗೆ ಮುಂದಿನ ಚಕ್ರ ಚಂಚಲವಾಗುತ್ತದೆ, ಸೈಡ್ ಸ್ಟ್ಯಾಂಡ್ ಗಿಡ್ಡವಾಗುತ್ತದೆ. ಇರುವ ಶಾಕ್ಸನ್ನೇ ನಿಮ್ಮ ತೂಕಕ್ಕೆ ಒಂದೆರಡು ಮೆಟ್ಟಿಲು ಗಟ್ಟಿ ಮಾಡಿಕೊಳ್ಳಿ. ಕೂತಾಗ ಹಿಂಭಾಗ ಜಾಸ್ತಿ ತಗ್ಗಿದರೆ ಹೆಡ್‌ಲೈಟ್ ಮೇಲಕ್ಕೆ ನೋಡುತ್ತದೆ, ಮಂಜಿನಲ್ಲಿ ರಸ್ತೆಯೇ ಕಾಣುವುದಿಲ್ಲ.

ಫ್ರೇಮ್ ಕತ್ತರಿಸಿ ಉದ್ದ ಮಾಡಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವಂತೆ ಗಾಡಿ ಬದಲಾಯಿಸುವಂತಿಲ್ಲ. ನಿಮ್ಮದು 15 ವರ್ಷ ದಾಟಿದ ಗಾಡಿ, 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಲೇಬೇಕು. ಬಿಚ್ಚಿದ ಹ್ಯಾಂಡಲ್, ಬೋಲ್ಟ್, ಕೇಬಲ್ ಎಲ್ಲವನ್ನೂ ಎಣ್ಣೆ ಸವರಿ, ಒಂದು ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. 1996ಕ್ಕೇ ತಯಾರಿಕೆ ನಿಂತ ಗಾಡಿ, ಮೂಲ ಭಾಗ ಮತ್ತೆ ಸಿಗುವುದು ಕಷ್ಟ. ಮಾವ ಯಾವತ್ತಾದರೂ ಒಂದು ರೌಂಡ್ ಹೋಗಿಬರುತ್ತೇನೆ ಅಂದರೆ, ಅರ್ಧ ದಿನದಲ್ಲಿ ಮೊದಲಿನ ಹಾಗೆ ಮಾಡಿಕೊಡಬಹುದು.