ಮೇಷ್ಟ್ರ ಮಟ್ಟು ಮಿಡಿಯಲ್ಲಿ ಯಾಕೆ ಸಪ್ಪೆ?

ಪ್ರಶ್ನೆ: ನಮ್ಮ ತಂದೆ ಗುಬ್ಬಿ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಈಗ ಕೈ ನಡುಗುತ್ತದೆ. ಅವರ ಮಟ್ಟುಗಳು ಉಳಿಯಲಿ ಅಂತ ಒಂದೊಂದನ್ನೇ ಕೇಳಿಕೊಂಡು ಲಿಲಿಪಾಂಡ್ ಅನ್ನುವ ಸಂಗೀತ ಬರೆಯುವ ತಂತ್ರಾಂಶದಲ್ಲಿ ಟೈಪ್ ಮಾಡುತ್ತಿದ್ದೇನೆ. ಕಾಗದದ ಮೇಲೆ ಚೆಂದ ಬರುತ್ತದೆ. ಆದರೆ ಅದು ಕೊಡುವ ಮಿಡಿ ಫೈಲ್ ಕೇಳಿಸಿದರೆ ಅಪ್ಪ "ಇದ್ಯಾವ ಗೊಂಬೆ ನುಡಿಸ್ತಿದೆ?" ಅಂತಾರೆ. ಪಿಯಾನೋ ಶಬ್ದ, ಪಲ್ಲವಿ ಒಂದೇ ಸಲ, ಲಯ ತೀರಾ ನಿಧಾನ. ಪಾತ್ರಧಾರಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಬೇಕು. ಏನು ಮಾಡಲಿ?
— ಓದುಗರು, ಗುಬ್ಬಿ ತಾಲ್ಲೂಕು

ಉತ್ತರ: ಅಪ್ಪನ ಕಿವಿ ಸರಿಯಾಗೇ ಇದೆ. ಮಿಡಿ ಫೈಲ್‌ನಲ್ಲಿ ಶಬ್ದವೇ ಇರುವುದಿಲ್ಲ. "ಈ ಮನೆ (ಕೀ) ಒತ್ತು, ಇಷ್ಟು ಜೋರಾಗಿ ಒತ್ತು, ಈಗ ಬಿಡು" ಅನ್ನುವ ಅಪ್ಪಣೆಗಳು ಇರುತ್ತವೆ, ಅಷ್ಟೇ. ಅದಕ್ಕೇ ಅದು ಕೆಲವೇ ಕೆಬಿ ತೂಗುವುದು. ನೀವು ಹೇಳದೇ ಬಿಟ್ಟದ್ದನ್ನು ಅದು ಊಹಿಸುವುದಿಲ್ಲ. ಲಯ ಬರೆಯದಿದ್ದರೆ ನಿಮಿಷಕ್ಕೆ 60 ಕಾಲು ಸ್ವರದಂತೆ (ಕ್ವಾರ್ಟರ್ ನೋಟ್), ಅಂದರೆ ಸೆಕೆಂಡಿಗೊಂದರಂತೆ ನಡೆಯುತ್ತದೆ. ವಾದ್ಯ ಬರೆಯದಿದ್ದರೆ ಪಿಯಾನೋ. ಜೋರು, ಮೆಲ್ಲಗೆ ಅಂತ ಎಲ್ಲೂ ಬರೆಯದಿದ್ದರೆ ಎಲ್ಲ ಸ್ವರಕ್ಕೂ ಒಂದೇ ಪೆಟ್ಟು.

ನಾನು ತುಮಕೂರಿನ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ಬಾರಿಸಿ ಬೆಳೆದವನು. ಗಣೇಶನ ಸೀಸನ್‌ನಲ್ಲಿ ರಾತ್ರಿಗೊಂದು ಪೆಂಡಾಲ್. ಲಿಲಿಪಾಂಡ್ ಹಿಡಿದ ಹೊಸತರಲ್ಲಿ ಒಂದೇ ಬರಹದಿಂದ ಕಾಗದವೂ ಚೆಂದ ಬರಬೇಕು, ಹಾಡೂ ಚೆಂದ ಕೇಳಬೇಕು ಅಂತ ಒದ್ದಾಡಿದೆ. ಆಗುವುದಿಲ್ಲ. ಕಣ್ಣಿಗೆ ಬೇಕಾದ ಬರಹ ಬೇರೆ, ಕಿವಿಗೆ ಬೇಕಾದದ್ದು ಬೇರೆ. ಹಾಗಂತ ಎರಡು ಸಲ ಟೈಪ್ ಮಾಡಬೇಡಿ. ಮಟ್ಟನ್ನು ಒಂದು ಹೆಸರಿಟ್ಟು ಮೇಲೆ ಬರೆದಿಡಿ. ಕೆಳಗೆ ಎರಡು ಸ್ಕೋರ್ ಬ್ಲಾಕ್ (ಅಪ್ಪಣೆಗಳ ಕಟ್ಟು) ಮಾಡಿ. ಮೊದಲನೆಯದರಲ್ಲಿ ಲೇಔಟ್ (ಕಾಗದದ ಅಚ್ಚು) ಮಾತ್ರ, ಎರಡನೆಯದರಲ್ಲಿ ಮಿಡಿ ಮಾತ್ರ. ಎರಡೂ ಅದೇ ಹೆಸರನ್ನು ಕರೆಯಲಿ.

ಇನ್ನು ಎರಡನೆಯ ಬ್ಲಾಕ್‌ನಲ್ಲಿ ಧೈರ್ಯವಾಗಿ ಕೈ ಆಡಿಸಬಹುದು. ಪಲ್ಲವಿ ಒಂದೇ ಸಲ ಬರುವುದಕ್ಕೆ ಕಾರಣ, ಮರುಕಳಿಕೆಯ ಗುರುತು ಕಣ್ಣಿಗಷ್ಟೇ ಇರುವುದು. ಸಂಗೀತದ ಮುಂದೆ ಬ್ಯಾಕ್‌ಸ್ಲ್ಯಾಶ್ ಹಾಕಿ 'ಅನ್‌ಫೋಲ್ಡ್‌ರಿಪೀಟ್ಸ್' ಅನ್ನಿ, ಎರಡೂ ಸಲ ನುಡಿಸುತ್ತದೆ. ಟೆಂಪೊವನ್ನು (ಲಯದ ವೇಗ) ಮಿಡಿ ಬ್ಲಾಕ್ ಒಳಗೇ ಬರೆಯಿರಿ. ಕಾಗದದಲ್ಲಿ ಅದು ಕಾಣುವುದಿಲ್ಲ, ಕೇಳುತ್ತದೆ. ಎಷ್ಟು ಅಂತ ಅಪ್ಪನ ಕೈತಾಳ ನೋಡಿ ಇಡಿ, ಸುಮ್ನೆ ಅಂದಾಜು ಬೇಡ.

ವಾದ್ಯದ ವಿಷಯ. 1991ರಲ್ಲಿ ಬಂದ ಜನರಲ್ ಮಿಡಿ ಪಟ್ಟಿಯಲ್ಲಿ 128 ವಾದ್ಯಗಳಿವೆ. ಸಿತಾರ್ ಇದೆ, ಶಹನಾಯಿ ಇದೆ. ನಮ್ಮ ಹಾರ್ಮೋನಿಯಂ ಇಲ್ಲ! ಹತ್ತಿರದ ನೆಂಟ 'ರೀಡ್ ಆರ್ಗನ್', 21ನೆಯದು. ಅದರ ಪಕ್ಕದ 22 ಅಕಾರ್ಡಿಯನ್. ಎರಡನ್ನೂ ಅಪ್ಪನಿಗೆ ಕೇಳಿಸಿ, ಅವರು ಹೇಳಿದ್ದೇ ಅಂತಿಮ. ಹೆಸರು ಮಾತ್ರ ಪಟ್ಟಿಯಲ್ಲಿ ಇರುವ ಹಾಗೇ ಇರಲಿ. ನಾನು ಒಮ್ಮೆ ರೀಡ್ ಆರ್ಗನ್ ಎರಡನ್ನೂ ಸೇರಿಸಿ ಒಂದೇ ಪದ ಮಾಡಿಬಿಟ್ಟಿದ್ದೆ. ಹೆಸರು ಹೊಂದದಿದ್ದರೆ ಲಿಲಿಪಾಂಡ್ ಪಿಯಾನೋಗೆ ಹೋಗಿಬಿಡುತ್ತದೆ. ಒಂದು ಇಡೀ ಸಂಜೆ ಸ್ಪೀಕರ್ ವಯರ್ ಬಿಚ್ಚಿ ನೋಡಿದೆ.

ಮುಂದೆ, ಗೊಂಬೆತನ. ಇದಕ್ಕೆ ಲಿಲಿಪಾಂಡ್ ಜೊತೆಗೇ 'ಆರ್ಟಿಕ್ಯುಲೇಟ್' ಅನ್ನುವ ಫೈಲ್ ಬರುತ್ತದೆ. ಅದನ್ನು ಇನ್‌ಕ್ಲೂಡ್ ಮಾಡಿ, 'ಅನ್‌ಫೋಲ್ಡ್‌ರಿಪೀಟ್ಸ್' ಆದಮೇಲೆ ಅದನ್ನು ಕರೆಯಿರಿ. ಸ್ಲರ್ (ಸ್ವರಗಳನ್ನು ಕೂಡಿಸುವ ಕಮಾನು ಗೆರೆ) ಇಲ್ಲದ ಸ್ವರಗಳ ಬಾಲವನ್ನು ಸ್ವಲ್ಪ ಕತ್ತರಿಸುತ್ತದೆ, ಟ್ರಿಲ್ (ಎರಡು ಸ್ವರಗಳ ನಡುವೆ ಬೇಗ ಬೇಗ ಓಲಾಡುವುದು) ಬಿಡಿಸಿ ನುಡಿಸುತ್ತದೆ. ಉಸಿರಾಡಿದ ಹಾಗೆ ಕೇಳುತ್ತದೆ. ಒಂದು ಅಕ್ಷರಕ್ಕೆ ನಾಲ್ಕು ಸ್ವರ ಎಳೆಯುವ ಕಡೆ ಸ್ಲರ್ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಅಲ್ಲೂ ಕತ್ತರಿ ಬೀಳುತ್ತದೆ, ಹಾಡು ಬಿಕ್ಕಳಿಸುತ್ತದೆ. ಈ ಆರ್ಟಿಕ್ಯುಲೇಟ್ ಅನ್ನು ಕಾಗದದ ಬ್ಲಾಕ್‌ಗೆ ಹಾಕಿದರೆ ಅಚ್ಚು ಕುಲಗೆಡುತ್ತದೆ. ಎರಡು ಬ್ಲಾಕ್ ಅಂತ ನಾನು ಹಟ ಮಾಡುವುದು ಇದಕ್ಕೇ.

ಗಮಕ? ಲಿಲಿಪಾಂಡ್‌ನ ಮಿಡಿಯಲ್ಲಿ ಸ್ವರ ಜಾರುವುದಿಲ್ಲ, ಗ್ಲಿಸಾಂಡೊ (ಜಾರು) ಗೆರೆ ಎಳೆದರೂ ಅದು ಬರೀ ಗೆರೆ. ಆದರೆ ಹಾರ್ಮೋನಿಯಂನಲ್ಲೂ ಸ್ವರ ಜಾರುವುದಿಲ್ಲವಲ್ಲ! 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗ ಹೇಳಿದ ದೂರುಗಳಲ್ಲಿ ಇದೂ ಒಂದು. ಪಕ್ಕದ ಮನೆಯನ್ನು ಚಕ್ಕನೆ ಮುಟ್ಟಿ ಬರುತ್ತಾರಲ್ಲ ಅಪ್ಪ, ಅದನ್ನು ಗ್ರೇಸ್ ನೋಟ್ ಆಗಿ ಬರೆಯಿರಿ. ಅರ್ಧ ಜೀವ ಅಲ್ಲೇ ಬರುತ್ತದೆ. ಇನ್ನೊಂದು ಸ್ಟಾಫ್‌ನಲ್ಲಿ (ಐದು ಗೆರೆಗಳ ಸಾಲು) ಸ–ಪ ಉದ್ದಕ್ಕೆ ಎಳೆದು ಶ್ರುತಿಯನ್ನೂ ಕೂರಿಸಿ.

ಪಾತ್ರಧಾರಿಗಳಿಗೆ ಕಳಿಸುವಾಗ ಟ್ರಾನ್ಸ್‌ಪೋಸ್ (ಶ್ರುತಿ ಬದಲಿಸುವ ಅಪ್ಪಣೆ) ಬಳಸಿ. ಭೀಮನಿಗೆ ಕಪ್ಪು ಒಂದು ಬೇಕು ಅಂದರೆ 'ಸಿ'ಯಿಂದ 'ಸಿಸ್'ಗೆ (ಸಿ ಶಾರ್ಪ್) ಏರಿಸಿ ಒಂದು ಫೈಲ್, ದ್ರೌಪದಿಗೆ ಇನ್ನೊಂದು. ಒಂದೇ ಸಾಲಿನ ಕೆಲಸ. ಮಿಡಿಯನ್ನು ಹಾಗೇ ವಾಟ್ಸಾಪ್ ಮಾಡಬೇಡಿ. ಎಷ್ಟೋ ಫೋನ್‌ಗಳಲ್ಲಿ ತೆರೆಯುವುದೇ ಇಲ್ಲ, ತೆರೆದರೂ ರಿಂಗ್‌ಟೋನ್ ಥರ ಕೇಳುತ್ತದೆ. ಶಬ್ದ ಬರುವುದು ಸೌಂಡ್‌ಫಾಂಟ್‌ನಿಂದ, ಅಂದರೆ ವಾದ್ಯಗಳ ಶಬ್ದ ತುಂಬಿದ ಫೈಲ್‌ನಿಂದ. ಮಿಡಿಯನ್ನು ಶಬ್ದ ಮಾಡಿಕೊಡುವ ಫ್ಲೂಯಿಡ್‌ಸಿಂತ್ ತಂತ್ರಾಂಶ ಉಚಿತ. ಅದಕ್ಕೆ 'ಫ್ಲೂಯಿಡ್ ಆರ್3' ಅನ್ನುವ ಸುಮಾರು 140 ಎಂಬಿಯ ಸೌಂಡ್‌ಫಾಂಟ್ ಕೊಟ್ಟು, ವೇವ್ ಫೈಲ್ ಮಾಡಿಸಿ, ಅಡಾಸಿಟಿಯಲ್ಲಿ (ಶಬ್ದ ತಿದ್ದುವ ತಂತ್ರಾಂಶ) ಎಂಪಿ3 ಮಾಡಿ. ಫ್ಲೂಯಿಡ್‌ಸಿಂತ್‌ನ ಗೇನ್ (ಶಬ್ದದ ಜೋರು) ಮೊದಲೇ 0.2 ಇರುತ್ತದೆ, ಮೆಲ್ಲಗೆ ಕೇಳುತ್ತದೆ. 0.6ರ ಹತ್ತಿರ ಇಟ್ಟು ನೋಡಿ. ಒಡೆದ ಶಬ್ದ ಬಂದರೆ ಇಳಿಸಿ.

ಒಂದು ಮಾತು. ಕಂದ, ವೃತ್ತಗಳನ್ನು ಮಿಡಿಗೆ ಹಾಕಲು ಹೋಗಬೇಡಿ. ಅವಕ್ಕೆ ತಾಳ ಇಲ್ಲ, ರಾಗದಲ್ಲಿ ಎಳೆದು ಹಾಡುವುದು. ಯಂತ್ರಕ್ಕೆ ಲೆಕ್ಕ ಬೇಕು. ನಾನೂ ಪ್ರಯತ್ನಪಟ್ಟು ಬಿಟ್ಟೆ. ಅಪ್ಪನನ್ನು ಕೂರಿಸಿ ಫೋನ್‌ನಲ್ಲೇ ರೆಕಾರ್ಡ್ ಮಾಡಿಕೊಳ್ಳಿ. ಈ ವಾರವೇ.

ಪ್ರಶ್ನೆ: ನಮ್ಮ ಚರ್ಚ್ ಕಾಯರ್‌ಗೆ ನಾಲ್ಕು ಪಾರ್ಟ್‌ನ ಹಾಡು ಲಿಲಿಪಾಂಡ್‌ನಲ್ಲಿ ಬರೆದಿದ್ದೇನೆ. ಆಲ್ಟೊದವರಿಗೆ (ಹೆಂಗಸರ ಕೆಳದನಿ) ತಮ್ಮ ಪಾರ್ಟ್ ಕೇಳುವುದೇ ಇಲ್ಲ. ಸಾಲಿನ ಕೊನೆಯಲ್ಲಿ ಫರ್ಮಾಟಾ (ಸ್ವರವನ್ನು ತಡೆದು ನಿಲ್ಲಿಸುವ ಗುರುತು) ಹಾಕಿದ್ದರೂ ನಿಲ್ಲದೆ ಓಡುತ್ತದೆ.
— ಓದುಗರು, ಕೆಜಿಎಫ್

ಉತ್ತರ: ಕಾಗದದಲ್ಲಿ ಎರಡೆರಡು ಪಾರ್ಟ್ ಒಂದೇ ಸ್ಟಾಫ್‌ನಲ್ಲಿ ಇದೆ, ಅಲ್ವಾ? ಮಿಡಿ ಬ್ಲಾಕ್‌ನಲ್ಲಿ ನಾಲ್ಕನ್ನೂ ಬೇರೆ ಬೇರೆ ಸ್ಟಾಫ್ ಮಾಡಿ. ಆಮೇಲೆ 'ಮಿಡಿ ಮ್ಯಾಕ್ಸಿಮಮ್ ವಾಲ್ಯೂಮ್' ಅನ್ನು ಆಲ್ಟೊಗೆ 1, ಉಳಿದ ಮೂರಕ್ಕೆ 0.4 ಇಡಿ. 'ಮಿನಿಮಮ್' ಕೂಡ ಅದಕ್ಕೆ ತಕ್ಕಂತೆ ಇಳಿಸಿ. ಹೀಗೆ ನಾಲ್ಕು ಪಾರ್ಟ್‌ಗೆ ನಾಲ್ಕು ಫೈಲ್. 'ಕಾಯರ್ ಆಹ್ಸ್' (ಕಾಯರ್ 'ಆ' ಅನ್ನುವ ದನಿ) ಶಬ್ದಕ್ಕೆ ಆಸೆಪಡಬೇಡಿ. ಅದು ಮೆಲ್ಲಗೆ ಏಳುತ್ತದೆ, ಸ್ವರ ಎಲ್ಲಿ ಶುರುವಾಯಿತು ಅಂತಲೇ ತಿಳಿಯುವುದಿಲ್ಲ. ಕಲಿಯುವವರಿಗೆ ಕ್ಲಾರಿನೆಟ್ ಒಳ್ಳೆಯದು.

ಫರ್ಮಾಟಾ ಮಿಡಿಗೆ ಬರೀ ಚಿತ್ರ. ಆ ಸ್ವರ ಬಂದಾಗ ಟೆಂಪೊ ಅರ್ಧಕ್ಕೆ ಇಳಿಸಿ, ಮುಂದಿನ ಸ್ವರಕ್ಕೆ ಮತ್ತೆ ಏರಿಸಿ. ಕಾಗದದಲ್ಲಿ ಅದು ಕಾಣಬಾರದು ಅಂದರೆ 'ಟೆಂಪೊಹೈಡ್‌ನೋಟ್' ಆನ್ ಮಾಡಿ.